ಉಂಗುರ ಹೇಳಿದ ಗಂಡು

ದಾರಕ್ಕೆ ಉಂಗುರ ಕಟ್ಟಿ ಹಕ್ಕಿಯ ತಲೆಯ ಮೇಲೆ ಇಳಿಬಿಡುವುದು. ನೆಟ್ಟಗೆ ತೂಗಿದರೆ ಗಂಡು, ದುಂಡಗೆ ಸುತ್ತಿದರೆ ಹೆಣ್ಣು. ಇದನ್ನು ನಂಬುವವರನ್ನು ಕಂಡರೆ ನನಗೆ ಮೊದಲು ನಗು ಬರುತ್ತಿತ್ತು. ಈಗ ಮೈ ಉರಿಯುತ್ತದೆ.

ಗಜೇಂದ್ರಗಡದಲ್ಲಿ ನನ್ನ ಚಿಗವ್ವ ಸೀರೆ ನೇಯುತ್ತಾಳೆ. ತಗ್ಗಿನಲ್ಲಿ ಕಾಲು ಇಳಿಬಿಟ್ಟು ನೇಯುವ ಅವಳ ಕುಣಿಮಗ್ಗದ ಪಕ್ಕದ ಕಿಟಕಿಯಲ್ಲಿ ಒಂದು ಪಂಜರ, ಅದರಲ್ಲೊಂದು ಹಸಿರು ಹಕ್ಕಿ. ಪೇಟೆಯಲ್ಲಿ ಲವ್ ಬರ್ಡ್ಸ್ ಅಂತ ಮಾರುತ್ತಾರಲ್ಲ, ಅದು. ಲಾಳಿ ಓಡುತ್ತಿದ್ದರೆ ಇದರ ಬಾಯಿಯೂ ಓಡುತ್ತಿತ್ತು, ಲಾಳಿ ನಿಂತರೆ ಇದೂ ಗಪ್ಪು. ಎಳೆ ಹರಿದಾಗ ಚಿಗವ್ವ ಬೈಯುತ್ತಿದ್ದುದೂ ಅದನ್ನೇ. ಆಗಾಗ ಅದು ತತ್ತಿ ಇಡುತ್ತಿತ್ತು. ಜೊತೆಯಿಲ್ಲದ ಹಕ್ಕಿಯ ತತ್ತಿ, ಮರಿಯಾಗುವುದೆಲ್ಲಿಂದ? “ಒಬ್ಬಾಕೀನ ಇಡತಾಳ, ಒಬ್ಬಾಕೀನ ಕಾವಿಗೆ ಕುಂದರತಾಳ, ನೋಡಾಕ ಆಗವಲ್ದು” ಎಂದು ಚಿಗವ್ವ ಎಲ್ಲರ ಮುಂದೆಯೂ ಹೇಳುತ್ತಿದ್ದಳು.

ನರಗುಂದದ ಸಾಹುಕಾರರ ಮುಂದೆಯೂ ಹೇಳಿದಳು. ಚಿಗವ್ವನಿಗೂ ಅವಳ ಗಂಡ ಕಾಕಾನಿಗೂ ನೂಲು ಕೊಟ್ಟು ನೇಯ್ದ ಸೀರೆ ಒಯ್ಯುವವರು ಅವರೇ. ಮುಂದಿನ ಸಲ ಬರುವಾಗ ತೂತು ಕೊರೆದ ರಟ್ಟಿನ ಡಬ್ಬಿಯಲ್ಲಿ ನೀಲಿ ಹಕ್ಕಿಯೊಂದನ್ನು ಹಿಡಿದುಕೊಂಡೇ ಬಂದರು. “ತಗೋರಿ, ನಿಮ್ಮ ಮನೀಗೆ ಅಳಿಯ ಬಂದಾನ!”

ಅವತ್ತು ರವಿವಾರ. ರೋಣದ ಕಾಲೇಜಿನಿಂದ ನಾನೂ ಬಂದಿದ್ದೆ. ಡಬ್ಬಿಯೊಳಗೆ ಇಣುಕಿದೆ. ಈ ಜಾತಿಯ ಬೆಳೆದ ಹಕ್ಕಿಯಲ್ಲಿ ಕೊಕ್ಕಿನ ಮೇಲಿನ ಚರ್ಮ ಗಂಡಿಗೆ ನೀಲಿ, ಹೆಣ್ಣಿಗೆ ಕಂದು. ಅಳಿಯನ ಮೂಗು ಬೆಲ್ಲದಷ್ಟು ಕಂದು.

“ಇದು ಹೆಣ್ಣ ಐತ್ರಿ” ಎಂದೆ.

“ನೀ ಡಿಬೇಟಿನಾಗ ಕಪ್ ಗೆದ್ದಾಕಿ ಅಲ್ಲೇನವಾ? ಇದು ಬಾಯಿಲೆ ಆಗೂ ಕೆಲಸ ಅಲ್ಲ, ತಂಗಿ.” ಸಾಹುಕಾರರು ಬೆರಳಿನ ಉಂಗುರ ತೆಗೆದರು, ಮಗ್ಗದಿಂದ ಒಂದು ಎಳೆ ಹರಿದುಕೊಂಡು ಕಟ್ಟಿದರು. ಹಸಿರು ಹಕ್ಕಿಯ ಮೇಲೆ ಉಂಗುರ ಸುತ್ತಿತು. ನೀಲಿಯದರ ಮೇಲೆ ತೂಗಿತು. ಕಾಕಾ ಕೈ ಮುಗಿಯುವುದೊಂದು ಬಾಕಿ.

ನಾನು ಆ ದಾರ ಇಸಿದುಕೊಂಡೆ. ಕಾಕಾನ ತಲೆಯ ಮೇಲೆ ಹಿಡಿದು, ಸುತ್ತಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ, ಅಷ್ಟೇ. ಕೈ ಅಲುಗಿದ್ದು ನನಗೇ ಕಾಣಲಿಲ್ಲ. ಉಂಗುರ ದುಂಡಗೆ, ಚೆಂದಾಗಿ ಸುತ್ತಿತು. “ಕಾಕಾ, ನೀ ಸೀರಿ ಉಟ್ಕೊ. ಸಾಹುಕಾರ್ರ, ನಿಮ್ಮದೂ ನೋಡೂಣೇನ್ರಿ?”

ಚಿಗವ್ವ ಕಿಸಕ್ಕನೆ ನಕ್ಕಳು. ಸಾಹುಕಾರರ ಮುಖ ಕಪ್ಪಿಟ್ಟಿತು. ಉಂಗುರ ಬಿಚ್ಚಿಕೊಂಡು ಬೆರಳಿಗೆ ಹಾಕಿಕೊಂಡರು, ಚಹಾ ಬೇಡ ಎಂದರು. ಅಷ್ಟೇ ಸಾಕಾಯಿತು. ಚಿಗವ್ವನ ನಗು ಇಂಗಿತು. “ಹುಡುಗಿ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ” ಎಂದವಳೇ ಅವರ ಕಣ್ಣೆದುರಿಗೇ ನೀಲಿ ಹಕ್ಕಿಯನ್ನು ಪಂಜರಕ್ಕೆ ಬಿಟ್ಟು ಬಾಗಿಲು ಹಾಕಿದಳು. ಅವರು ಚಹಾ ಕುಡಿದರು.

ನಾನು ವಾದ ಗೆದ್ದ ಖುಷಿಯಲ್ಲಿ ರೋಣದ ಬಸ್ಸು ಹತ್ತಿದೆ. ರಾಜೂರ ದಾಟುವವರೆಗೂ ಒಬ್ಬಳೇ ನಗುತ್ತಿದ್ದೆ.

ಎರಡನೇ ದಿನ ಫೋನ್ ಮಾಡಿದಾಗ ಕಾಕಾ ಎತ್ತಿದ. ಹಕ್ಕಿಗಳು ಕಚ್ಚಾಡುತ್ತಿವೆ, ಪುಕ್ಕ ಉದುರಿದೆ ಎಂದ. ಬೇರೆ ಮಾಡಿದಿರಾ ಎಂದು ಕೇಳಿದೆ.

“ಗಂಡಾ ಹೆಂಡ್ತಿ ಜಗಳದಾಗ ನಾವ್ಯಾಕ ಬಾಯಿ ಹಾಕೂದು? ಹೊಸದ್ರಾಗ ಹಿಂಗs ಇರ್ತದ. ಸಾಹುಕಾರ್ರೂ ಹೊಂದ್ಕೋತಾವು ಅಂದಾರ.”

ಗಂಡ ಹೆಂಡತಿ! ಯಾರು ಮಾಡಿದ ಮದುವೆ? ಒಂದು ಎಳೆ ದಾರ. ಇಬ್ಬರು ಹೆಂಗಸರು ಹೀಗೆ ಕಚ್ಚಾಡಿದ್ದರೆ ಓಣಿಗೆ ಓಣಿಯೇ ಬಿಡಿಸಲು ಬರುತ್ತಿತ್ತು. ಗಂಡ ಎಂದು ಹೆಸರಿಟ್ಟ ಕೂಡಲೇ ರಕ್ತ ಕಂಡರೂ ಅದು ಸಂಸಾರ. ಇದು ಹಕ್ಕಿಗಳ ವಿಷಯ ಮಾತ್ರವೇ ಎಂದು ನನ್ನನ್ನು ಯಾರೂ ಕೇಳಬೇಡಿ, ಉತ್ತರ ಉದ್ದವಾಗುತ್ತದೆ.

ಇಷ್ಟೆಲ್ಲ ನಾನು ಅವತ್ತು ಫೋನಿನಲ್ಲಿ ಹೇಳಲಿಲ್ಲ. “ನಾ ಅವತ್ತs ಅಂದಿದ್ನಿಲ್ಲೊ?” ಎಂದು ಕಟ್ ಮಾಡಿದೆ.

ನಾಲ್ಕನೇ ದಿನ ಬೆಳಿಗ್ಗೆ ಹಸಿರು ಹಕ್ಕಿ ಪಂಜರದ ತಳದಲ್ಲಿ ಸತ್ತುಬಿದ್ದಿತ್ತು. ನೆತ್ತಿಯ ಚರ್ಮ ಕಿತ್ತುಹೋಗಿತ್ತಂತೆ. ಎರಡು ವಾರ ಕಳೆದ ಮೇಲೆ ಅಳಿಯ ತತ್ತಿ ಇಟ್ಟ.

ಸಾಹುಕಾರರು ಸೀರೆ ಒಯ್ಯಲು ಬಂದ ದಿನ ನಾನೂ ಬೇಕೆಂದೇ ಬಂದಿದ್ದೆ. ತತ್ತಿ ತೋರಿಸಿದೆ. ಅವರಿಗೆ ಒಂದಿಷ್ಟೂ ಮುಜುಗರವಿಲ್ಲ. “ದಾರ ತಪ್ಪು ಹೇಳೂದಿಲ್ಲವಾ. ಅವತ್ತು ನೀ ಚ್ಯಾಷ್ಟಿ ಮಾಡಿದಿ, ಅದಕ್ಕ ಕೆಟ್ಟಿತು. ಇರ್ಲಿ, ಮುಂದಿನ ವಾರ ಖರೇ ಗಂಡ ತರ್ತೀನಿ.” ಬೆರಳಿನ ಉಂಗುರ ತಿರುವತೊಡಗಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಗ್ಗದ ಕುಣಿಯಿಂದ ಚಿಗವ್ವನ ದನಿ ಬಂತು. “ಬ್ಯಾಡ್ರಿ.”

“ಯಾಕವಾ? ಒಂಟಿ ಆಕ್ಕೈತಲ್ಲ?”

“ಆಗ್ಲಿರಿ. ಜೀವ ಇರ್ತದ.”

ಅವರು ಸೀರೆ ಗಂಟು ಕಟ್ಟಿಕೊಂಡು ಹೋದರು. ನಾನು ಚಿಗವ್ವನ ಹತ್ತಿರ ಹೋಗಿ, ಈಗಲಾದರೂ ನಾ ಹೇಳಿದ್ದು ಖರೇ ಅನ್ನು ಎಂದೆ. ಅವಳು ಎಳೆ ಕೂಡಿಸುವುದನ್ನು ಬಿಟ್ಟು ನನ್ನನ್ನು ನೋಡಿದಳು.

“ನೀ ಹೇಳಿದ್ದು ಖರೇನs ಇತ್ತು. ಆದ್ರ ನೀ ಹೇಳಿದ್ದು ಅವರನ್ನ ಸೋಲಸಾಕ. ಆ ಹಕ್ಕೀನ ಉಳಸಾಕ ಹೇಳಿದ್ದಿದ್ರ ಪಂಜರದ ಬಾಗಲಾ ಹಿಡಕೊಂಡು ನಿಂದರ್ತಿದ್ದಿ.”

ಸಾಹುಕಾರರ ಮೇಲಿನ ಸಿಟ್ಟಿಗೆ ನನ್ನ ಹತ್ತಿರ ಎಷ್ಟೋ ಮಾತುಗಳಿವೆ. ಅವತ್ತು ಮಾತ್ರ ರಾಜೂರ ದಾಟುವವರೆಗೂ ಪಂಜರದ ಆ ಬಾಗಿಲೇ ಕಣ್ಣ ಮುಂದಿತ್ತು.