ಎದುರು ಕುರ್ಚಿಯ ವಕೀಲರು

ನ್ಯಾಯಾಲಯದಲ್ಲಿ ಗೆದ್ದ ವಕೀಲರ ಹೆಸರು ಪತ್ರಿಕೆಯಲ್ಲಿ ಬರುತ್ತದೆ; ಜಗಳ ನ್ಯಾಯಾಲಯದವರೆಗೆ ಹೋಗದಂತೆ ನೋಡಿಕೊಂಡ ವಕೀಲರ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಬರುತ್ತದೆ. ಸಂಸ್ಥೆಯ ಒಳಗೇ ಕುಳಿತು ಅದರ ಕರಾರುಗಳನ್ನು ಬರೆದು, ಅದರ ತಂಟೆಗಳನ್ನು ಮೊಳಕೆಯಲ್ಲೇ ಚಿವುಟಿ, ಅದರ ಮಾನವನ್ನು ಕಾಯುವ ಈ ಎರಡನೆಯ ಬಗೆಯ ವಕೀಲಿಕೆಗೆ ಬಹುಕಾಲ ಯಾವ ಗತ್ತೂ ಇರಲಿಲ್ಲ. ಲಾಭದ ಗೊಡವೆಯೇ ಇಲ್ಲದ ಸಾಂಸ್ಕೃತಿಕ ಸಂಸ್ಥೆಗೆ ವಕೀಲರೇಕೆ, ಗೋಡೆಯ ಮೇಲಿನ ಚಿತ್ರಗಳೇನು ಕೋರ್ಟಿಗೆ ಅಲೆಯುತ್ತವೆಯೇ ಎಂದು ಜನ ಕೇಳುತ್ತಿದ್ದ ಕಾಲದಲ್ಲಿ, ವಸ್ತುಸಂಗ್ರಹಾಲಯ, ರಂಗಮಂದಿರ, ಗ್ರಂಥಾಲಯ ಮೂರನ್ನೂ ಒಂದೇ ಸೂರಿನಡಿ ಹೊತ್ತ ನಮ್ಮ ಸಂಸ್ಥೆಯಲ್ಲಿ ಕಾನೂನು ವಿಭಾಗವೆಂಬುದನ್ನು ಒಂದು ಮೇಜು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕಪಾಟು ಇಷ್ಟರಿಂದಲೇ ಕಟ್ಟಿ ನಿಲ್ಲಿಸಿದವರು ಈ ಅಭಿನಂದನಾ ಸಂಪುಟದ ಗೌರವಕ್ಕೆ ಪಾತ್ರರಾದ ನಮ್ಮ ಮುಖ್ಯ ಕಾನೂನು ಅಧಿಕಾರಿಗಳು.

ಕಾರಿಡಾರಿನಲ್ಲಿ ಅವರಿಗೆ ಪರಂತು ಮೇಡಂ ಎಂದೇ ಹೆಸರು. ಪರಂತು ಎಂಬುದು, ಬಲ್ಲವರು ಬಲ್ಲಂತೆ, ಕಾನೂನಿನ ಬರಹದಲ್ಲಿ ಬಲಗೈಯಿಂದ ಕೊಟ್ಟದ್ದನ್ನು ಎಡಗೈಯಿಂದ ಹಿಂದಕ್ಕೆ ತೆಗೆದುಕೊಳ್ಳುವ ಪದ. ಅವರು ಅದನ್ನು ಬಾಯಲ್ಲೂ ಬಳಸುತ್ತಿದ್ದರು. "ರಜೆ ತಗೋ, ಪರಂತು ಫೋನ್ ತಗೋಬೇಡ" ಎಂದು ಅವರು ಕಳುಹಿಸಿಕೊಟ್ಟ ನೌಕರರು ಇಂದಿಗೂ ಆ ಪದವನ್ನು ಅವರ ದನಿಯಲ್ಲೇ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಯೇ ಉಚ್ಚರಿಸುತ್ತಾರೆ. ಮೇಡಂ ಎದುರಿಗೇ ಹಾಗೆ ಉಚ್ಚರಿಸಿ ಸಿಕ್ಕಿಬಿದ್ದವರೂ ಇದ್ದಾರೆ. ಅವರಿಗೆ ಸಿಕ್ಕ ಶಿಕ್ಷೆ ಇಷ್ಟೇ: "ಕನ್ನಡಕ ಇನ್ನೂ ಸ್ವಲ್ಪ ಕೆಳಗೆ."

ಅಣಕಕ್ಕೆ ಅವರು ಸಿಟ್ಟಾಗದಿರಲು ಕಾರಣವುಂಟು. ಅವರ ಇಡೀ ವಕೀಲಿಕೆಯೇ ಅಣಕದ ಮೇಲೆ ನಿಂತಿತ್ತು. ಯಾವ ಕರಾರನ್ನೇ ಆಗಲಿ ಸಹಿಗೆ ಕಳುಹಿಸುವ ಮುನ್ನ ತಮ್ಮ ಸಹಾಯಕ ವಕೀಲರನ್ನು ಸಂಸ್ಥೆಯ ಪರ ಕೂರಿಸಿ, ತಾವು ಮೇಜಿನ ಆಚೆಯ ಕುರ್ಚಿಗೆ ಹೋಗಿ, ಎದುರು ಪಕ್ಷದವರೇ ಆಗಿಬಿಡುವುದು ಅವರ ಪದ್ಧತಿ. ದನಿ, ಕೆಮ್ಮು, ಅನುಮಾನ ಎಲ್ಲವನ್ನೂ ತಂದುಕೊಂಡು ಮನಃಪೂರ್ವಕವಾಗಿ ವಾದಿಸುವರು. ಎದುರು ಕುರ್ಚಿ ಗೆದ್ದರೆ ಕರಾರು ಮತ್ತೆ ಬರೆಯಬೇಕು. ಪ್ರತಿ ಮಾತಿಗೂ ಒಂದು ವಿವರಣೆ ಸೇರಿಸುವ ಚಾಳಿಯಿಂದಾಗಿ ಅಡಿಟಿಪ್ಪಣಿ ಎಂದೇ ಹೆಸರಾದ ಆ ಸಹಾಯಕರು, ತಾವು ಮೇಡಂ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಮೇಡಂ ಒಳಗಿನ ಬೇರೆ ಬೇರೆ ಜನರ ಜೊತೆ ಆಡಿದ್ದೇನೆ ಎಂದು ಹೇಳುವುದುಂಟು.

ಸೇವೆಯ ಆರಂಭದ ದಿನಗಳಲ್ಲಿ ಭಿತ್ತಿಚಿತ್ರಕ್ಕೆಂದು ಕರೆಸಿದ್ದ ಹಿರಿಯ ಕಲಾವಿದರೊಬ್ಬರ ಕರಾರು ಹೀಗೆಯೇ ಎದುರು ಕುರ್ಚಿಯ ಮುಂದೆ ಸೋತಿತು. ಚಿತ್ರದ ನಕಲುಗಳನ್ನು ಅಂಚೆಪತ್ರ, ಚೀಲ, ಛತ್ರಿಗಳ ಮೇಲೆಲ್ಲ ಅಚ್ಚು ಹಾಕುವ ಹಕ್ಕನ್ನು ಸಂಸ್ಥೆ ಪುಕ್ಕಟೆಯಾಗಿ ನುಂಗಿಕೊಂಡಿತ್ತು. ಮೇಡಂ ಅದನ್ನು ಕಲಾವಿದರ ಪರವಾಗಿ ತಿದ್ದಿ, ನಿರ್ದೇಶಕರನ್ನು ಒಪ್ಪಿಸಿಟ್ಟರು. ಇತ್ತ ಕಲಾವಿದರು ಯಾರಿಂದಲೋ ಎಚ್ಚರಿಕೆ ಪಡೆದು, ಜಗಳಕ್ಕೆ ಟೊಂಕ ಕಟ್ಟಿ ಬಂದರು. ಓದಿ ನೋಡಿದರೆ ಜಗಳಕ್ಕೆ ಜಾಗವೇ ಇಲ್ಲ. ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ಹುಡುಕಿದರು.

"ಇದೇನಮ್ಮ, ನಾನು ರಾತ್ರಿಯೆಲ್ಲಾ ಮಾತು ಜೋಡಿಸ್ಕೊಂಡು ಬಂದಿದೀನಿ."

"ವೇಸ್ಟ್ ಮಾಡ್ಬೇಡಿ ಸಾರ್. ಕಾಫಿ ಕುಡೀತಾ ಬೈದುಬಿಡಿ, ಕೇಳ್ಕೋತೀನಿ."

ಅವರು ಬೈದರು, ಮೇಡಂ ಕೇಳಿಸಿಕೊಂಡರು, ಆ ಬೈಗುಳದಲ್ಲಿ ಪ್ರಯೋಜನಕ್ಕೆ ಬರುವ ಎರಡು ಮಾತು ಸಿಕ್ಕಿದ್ದರಿಂದ ಅವೂ ಕರಾರಿಗೆ ಸೇರಿದವು.

ಸಹೋದ್ಯೋಗಿಗಳ ಮೇಲಿನ ಅವರ ಅಕ್ಕರೆಗೂ ಇದೇ ತುಂಟ ಮುಖವಿತ್ತು. ಅಡಿಟಿಪ್ಪಣಿಯವರ ಪತ್ನಿಗೆ ಹೆರಿಗೆ ನೋವು ಶುರುವಾದಾಗ ಅವರು ನಾಟಕ ತಂಡವೊಂದರ ವಕೀಲರೊಡನೆ ಮಾತುಕತೆಯಲ್ಲಿದ್ದು, ಬಾಯಿಬಿಟ್ಟು ಹೇಳಲಾರದೆ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದರು. ವಿಷಯ ಹೇಗೋ ಮೇಡಂ ಕಿವಿಗೆ ಬಿತ್ತು. ಅವರು ಎದ್ದು ನಿಂತು, "ಸಭೆ ಮುಂದೂಡೋಣ. ನಮ್ಮ ಕಡೆ ಒಬ್ಬ ಕಕ್ಷಿದಾರ ಜಾಸ್ತಿ ಆಗ್ತಿದಾರೆ" ಎಂದರು. ಎದುರು ಪಕ್ಷದ ವಕೀಲರೇ ತಮ್ಮ ಕಾರಿನಲ್ಲಿ ಅಡಿಟಿಪ್ಪಣಿಯವರನ್ನು ಆಸ್ಪತ್ರೆಗೆ ಬಿಟ್ಟರು.

ಮನೆಯಲ್ಲೂ ಈ ಪದ್ಧತಿ ನಡೆಯುತ್ತಿತ್ತೆಂದು ಭೂಗೋಳದ ಮೇಷ್ಟರಾಗಿದ್ದ ಅವರ ಯಜಮಾನರು ದೂರಿದ್ದಾರೆ. ಪರದೆಯ ಬಣ್ಣದ ವಿಷಯಕ್ಕೆ ಮಾತು ಬೆಳೆದಾಗ ಮೇಡಂ ಪಕ್ಷ ಬದಲಿಸೋಣ ಎಂದರಂತೆ. ಯಜಮಾನರು ಮೇಡಂ ಆಗಿ, ಮೇಡಂ ಯಜಮಾನರಾಗಿ ಅರ್ಧ ಗಂಟೆ ವಾದಿಸಿದ ಮೇಲೆ ಇಬ್ಬರೂ ಸೋತು, ಪರದೆಯಿಲ್ಲದ ಕಿಟಕಿಯ ಮುಂದೆ ಕುಳಿತು ಊಟ ಮಾಡಿದರಂತೆ.

ಇಷ್ಟೆಲ್ಲ ಹೇಳಿದರೂ ಅವರ ಸೇವೆಯ ನಿಜವಾದ ಅಳತೆ ಸಿಕ್ಕುವುದು ಅದರ ಕೊನೆಯ ವರ್ಷದಲ್ಲಿ, ಕುದುರೆ ರಾಟೆಯ ಪ್ರಕರಣದಲ್ಲಿ. ಊರೂರು ತಿರುಗಿ ಮಕ್ಕಳನ್ನು ಮರದ ಕುದುರೆಗಳ ಮೇಲೆ ಸುತ್ತಿಸುತ್ತಿದ್ದ ಒಬ್ಬ ರಾಟೆಯಾತ, ತನ್ನ ಕೈಯಲ್ಲಿ ಇನ್ನು ಆಗದೆಂದಾಗ ಇಡೀ ರಾಟೆಯನ್ನು ನಮ್ಮ ಸಂಸ್ಥೆಗೆ ದಾನ ಕೊಟ್ಟಿದ್ದನು. ದಾನಪತ್ರದ ಷರತ್ತು ಒಂದೇ. ರಾಟೆ ತಿರುಗುತ್ತಿರಬೇಕು, ಮಕ್ಕಳು ಹತ್ತುತ್ತಿರಬೇಕು. ಇಲ್ಲವಾದಲ್ಲಿ ಅದು ಮನೆತನಕ್ಕೆ ಮರಳಬೇಕು. ಆತ ಇರುವವರೆಗೆ ಹಾಗೆಯೇ ನಡೆಯಿತು. ಆತ ತೀರಿಕೊಂಡ ಮೇಲೆ ಕುದುರೆಗಳ ಹಳೆಯ ಬಣ್ಣದಲ್ಲಿ ಬಿರುಕು ಕಂಡ ಸಂರಕ್ಷಣಾ ವಿಭಾಗದ ಮುಖ್ಯಸ್ಥರು ರಾಟೆಯನ್ನು ನಿಲ್ಲಿಸಿ ಸುತ್ತ ಗಾಜು ಹಾಕಿಸಿದರು. ಈ ಮುಖ್ಯಸ್ಥರಿಗೆ ಸಂಸ್ಥೆಯಲ್ಲಿ ಮುಟ್ಬೇಡಿ ಸಾರ್ ಎಂದು ಹೆಸರು. ತಮ್ಮ ಊಟದ ಡಬ್ಬಿಯನ್ನೂ ಅವರು ಕೈಗವಸು ಹಾಕಿಕೊಂಡೇ ತೆರೆಯುತ್ತಾರೆಂಬುದು ಉತ್ಪ್ರೇಕ್ಷೆ, ಆದರೆ ದೊಡ್ಡ ಉತ್ಪ್ರೇಕ್ಷೆಯಲ್ಲ.

ರಾಟೆಯಾತನ ಮಗಳು ಡ್ರೈವಿಂಗ್ ಸ್ಕೂಲ್ ನಡೆಸುವ ಗಟ್ಟಿಗಿತ್ತಿ. ರಾಟೆ ಮತ್ತೆ ಯಾವಾಗ ತಿರುಗುತ್ತದೆಂದು ಪ್ರತಿ ವರ್ಷ ಫೋನ್ ಮಾಡಿ ಕೇಳುವರು. ರಿಪೇರಿ ನಡೀತಿದೆ ಎಂಬ ಉತ್ತರ ಪ್ರತಿ ವರ್ಷವೂ ಸಿಗುವುದು. ಕೊನೆಗೊಂದು ದಿನ ಟಿಕೆಟ್ ಕೊಂಡು ಒಳಗೆ ಬಂದರು, ಗಾಜು ನೋಡಿದರು, ನೇರವಾಗಿ ಕಾನೂನು ವಿಭಾಗದ ಬಾಗಿಲಿಗೆ ನಡೆದರು.

"ನಾನು ಮೊದಲು ಹಿಡಿದ ಲಗಾಮು ಅದು. ಆಮೇಲೆ ಸ್ಟೀರಿಂಗು" ಎಂದರು. "ತಿರುಗಿಸೋ ಹಾಗಿದ್ರೆ ತಿರುಗಿಸಿ. ಇಲ್ಲಾಂದ್ರೆ ಲಾರಿ ತರ್ತೀನಿ. ನಮ್ಮ ಸ್ಕೂಲ್ ಅಂಗಳದಲ್ಲಿ ನಿಲ್ಲಿಸ್ತೀನಿ, ಅಮ್ಮಂದಿರು ಕ್ಲಚ್ ಜೊತೆ ಗುದ್ದಾಡೋವಾಗ ಮಕ್ಕಳು ಅದರಲ್ಲಾದ್ರೂ ನೆಮ್ಮದಿಯಾಗಿ ಸುತ್ತಲಿ."

ರಾಟೆ ಹೋದರೆ ಅದಕ್ಕೆಂದೇ ಕಟ್ಟಿದ ದೊಡ್ಡ ಮಂಟಪ ಬರಿದಾಗುವುದು. ಮುಟ್ಬೇಡಿ ಸಾರ್ ಭೂತಗನ್ನಡಿ ಹಿಡಿದು ಕಳೆದ ವರ್ಷಗಳೆಲ್ಲ ಲಾರಿ ಹತ್ತುವುವು. ಸಂಸ್ಥೆಗೆ ಮಾತ್ರ ಒಂದು ಸುಲಭದ ದಾರಿಯಿತ್ತು. ಇಂಥ ಹಕ್ಕನ್ನು ಇಷ್ಟು ವರ್ಷದೊಳಗೆ ಕೇಳಬೇಕೆಂಬ ಕಾಲಮಿತಿ ಕಾನೂನಿನಲ್ಲಿದೆ, ಅದು ದಾಟಿಹೋಗಿತ್ತು. ಆಡಳಿತ ಮಂಡಳಿ ಸೂಚನೆ ಕೊಟ್ಟಿತು: ಕಾಲಮಿತಿ ಹೇಳಿ, ಮುಗಿಸಿ. ಮೇಡಂ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಗೆಲುವೊಂದನ್ನು ಕೈಗಿಟ್ಟು ಕಳುಹಿಸಬೇಕೆಂಬ ಪ್ರೀತಿಯೂ ಆ ಸೂಚನೆಯಲ್ಲಿ ಇತ್ತು.

ಎಂದಿನಂತೆ ಅವರು ಎದುರು ಕುರ್ಚಿಗೆ ಹೋದರು. ಅಡಿಟಿಪ್ಪಣಿ ಕಾಲಮಿತಿಯ ವಾದವನ್ನು ಆ ದಿನ ಎಷ್ಟು ಚೆಂದವಾಗಿ ಕಟ್ಟಿದರೆಂದರೆ ಸ್ವತಃ ಅವರಿಗೇ ಸೇರಿಸಲು ಟಿಪ್ಪಣಿ ಉಳಿಯಲಿಲ್ಲ. ಮೇಡಂ ಡ್ರೈವಿಂಗ್ ಸ್ಕೂಲಿನಾಕೆಯ ಗತ್ತಿನಲ್ಲಿ ಕಾಲು ಅಗಲಿಸಿ ಕುಳಿತು ಪೂರ್ತಿ ಕೇಳಿಸಿಕೊಂಡರು.

"ಇಷ್ಟು ವರ್ಷ ಸುಮ್ಮನಿದ್ದೆ ಅಂತೀರಾ. ಹೌದು, ಸುಮ್ಮನಿದ್ದೆ. ರಿಪೇರಿ ಅಂದ್ರಿ, ನಂಬಿದೆ. ನಂಬಿದ್ದಕ್ಕೆ ಸುಮ್ಮನಿದ್ದೆ."

ಅಡಿಟಿಪ್ಪಣಿ ತಮ್ಮ ವಾದದ ಹಾಳೆಗಳನ್ನು ಮಡಚಿಟ್ಟರು. ಮೇಡಂ ಎದ್ದು ತಮ್ಮ ಜಾಗಕ್ಕೆ ಬರಲಿಲ್ಲ. ರಿಪೇರಿ ಎಂಬ ಆ ಉತ್ತರ ತಮ್ಮದೇ ಸಂಸ್ಥೆಯ ದೂರವಾಣಿಯಿಂದ ವರ್ಷ ವರ್ಷವೂ ಹೊರಟಿದ್ದು, ಅದೊಂದು ಸಲವೂ ತಮ್ಮ ಮೇಜಿಗೆ ಬಾರದೆ ಹೋದದ್ದು ಅವರನ್ನು ಕುಟುಕಿತು. ನಗಿಸುತ್ತಲೇ ಕೆಲಸ ಮುಗಿಸುತ್ತಿದ್ದ ಅವರು ಆ ದಿನ ಯಾರನ್ನೂ ನಗಿಸದೆ ಮನೆಗೆ ಹೋದರು.

ಮಂಡಳಿಯ ಸಭೆಯಲ್ಲಿ ಅಧ್ಯಕ್ಷರು ಬೇಸರದಿಂದಲೇ ಕೇಳಿದರು: "ಗೆಲ್ಲೋ ಕೇಸನ್ನ ಯಾಕಮ್ಮ ಬಿಡ್ಬೇಕು?"

"ಈ ಕಟ್ಟಡದಲ್ಲಿರೋದೆಲ್ಲ ಯಾರೋ ನಂಬಿ ಕೊಟ್ಟಿದ್ದು ಸಾರ್. ನಂಬಿ ಸುಮ್ಮನಿದ್ದವರಿಗೆ ಕಾಲಮಿತಿ ತೋರಿಸಿದ್ರೆ, ನಾಳೆಯಿಂದ ದಾನಿಗಳೆಲ್ಲ ತಿಂಗಳಿಗೊಂದು ನೋಟಿಸ್ ಕಳಿಸ್ತಾರೆ. ನಾನೇನೋ ಮನೆಗೆ ಹೋಗ್ತೀನಿ. ಉತ್ತರ ಬರೆಯೋದು ಪಾಪ, ಇವನು."

ಅಡಿಟಿಪ್ಪಣಿ ಆ ಕ್ಷಣದಲ್ಲಿ ತೋರಿದ ದೈನ್ಯ ನಟನೆಯಾಗಿರಲಿಲ್ಲವೆಂದು ಸಭೆಯಲ್ಲಿದ್ದವರು ಹೇಳುತ್ತಾರೆ. ಅಧ್ಯಕ್ಷರು ಒಂದು ತಿಂಗಳು ಕೊಟ್ಟರು. ಅಷ್ಟರೊಳಗೆ ರಾಜಿಯಾಗದಿದ್ದರೆ ಕಾಲಮಿತಿಯ ವಾದ ಹೂಡಲೇಬೇಕು. ಬೇರೆ ವಕೀಲರಿಂದಾದರೂ ಸರಿ.

ರಾಜಿಗೆಂದು ಕರೆದ ಮೊದಲ ಭೇಟಿಯಲ್ಲಿ ಮುಟ್ಬೇಡಿ ಸಾರ್ ಮತ್ತು ಡ್ರೈವಿಂಗ್ ಸ್ಕೂಲಿನಾಕೆ ಪರಸ್ಪರ ಮುಖ ನೋಡದೆ ಗೋಡೆಗೆ ಮಾತಾಡಿದರು. ಎರಡನೆಯ ಭೇಟಿಗೆ ಮೇಡಂ ತಮ್ಮ ಹಳೆಯ ಅಸ್ತ್ರವನ್ನೇ ತೆಗೆದರು. ಈ ಸಲ ತಾವು ಆಡದೆ, ಅವರಿಬ್ಬರ ಕುರ್ಚಿಗಳನ್ನು ಅದಲುಬದಲು ಮಾಡಿಸಿದರು. ಆಕೆ ಕುದುರೆಗಳ ಪರ ವಾದಿಸಬೇಕು, ಅವರು ಮಕ್ಕಳ ಪರ.

"ಇದೇನು ಮಕ್ಕಳಾಟ" ಎಂದು ಆಕೆ ಗೊಣಗಿಕೊಂಡೇ ಕುಳಿತರು. ಕುಳಿತ ಮೇಲೆ ಮಾತ್ರ ಅಂಗಳಕ್ಕೆ ಬಂದ ಹೊಸ ಶಿಷ್ಯರನ್ನು ಬೆದರಿಸುವ ಗಂಟಲು ತಾನಾಗಿ ಬಂತು. "ಶೂ ಹಾಕ್ಕೊಂಡು ನನ್ನ ಕುದುರೆ ಹತ್ತೋರು ಯಾರು? ಕೆಳಗಿಳೀರಿ. ಒಬ್ಬೊಬ್ಬರೇ. ಬಾಲ ಎಳೆಯೋ ಹಾಗಿಲ್ಲ. ಐಸ್‌ಕ್ರೀಂ ಕೈ ಒರೆಸ್ಕೊಂಡು ಬನ್ನಿ." ಒಂದು ನಿಮಿಷದಲ್ಲಿ ಆಕೆ ವಿಧಿಸಿದ ನಿಷೇಧಗಳ ಮುಂದೆ ಮುಟ್ಬೇಡಿ ಸಾರ್ ಅವರ ಇಡೀ ಸೇವಾವಧಿಯ ನಿಷೇಧಗಳು ಮಂಕಾದವು. ಅವರು ಬೆರಗಾಗಿ ಟಿಪ್ಪಣಿ ಮಾಡಿಕೊಳ್ಳತೊಡಗಿದರು.

"ನಿಮ್ಮ ಸರದಿ ಸಾರ್" ಎಂದರು ಮೇಡಂ.

ಮುಟ್ಬೇಡಿ ಸಾರ್ ಟಿಪ್ಪಣಿ ಕೆಳಗಿಟ್ಟರು. ಅಣಕ ಅವರಿಗೆ ಬಾರದು. ರಾಟೆಯಾತನ ಮಗಳಾಗಿ, ಆದರೆ ತಮ್ಮದೇ ಮೆಲುದನಿಯಲ್ಲಿ, "ನಮ್ಮಪ್ಪ ವರ್ಷಾವರ್ಷ ಬಣ್ಣ ಹಚ್ತಿದ್ರು" ಎಂದರು. "ಮಕ್ಕಳು ಸವೆಸ್ತಿದ್ರು. ಅಪ್ಪ ಮತ್ತೆ ಹಚ್ತಿದ್ರು. ಬೇಕಾದ್ರೆ ಭೂತಗನ್ನಡಿ ಹಿಡಿದು ನೋಡಿ, ಬಣ್ಣದ ಕೆಳಗೆ ಬಣ್ಣ, ಅದರ ಕೆಳಗೆ ಬಣ್ಣ. ಹಚ್ಚಿ ಹಚ್ಚಿಯೇ ಉಳಿದಿರೋ ಕುದುರೆ ಇವು."

ಹೇಳಿ ಮುಗಿಸಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೆ ತಿಳಿಯಿತು. ಆಕೆ ಮೊದಲ ಬಾರಿಗೆ ಅವರ ಮುಖ ನೋಡಿ, "ಅಪ್ಪನ ಜೊತೆ ಕಪ್ಪು ಕುದುರೆಗೆ ನಾನೂ ಹಚ್ತಿದ್ದೆ. ಕೆಳಗಿನ ಯಾವುದೋ ಪದರದಲ್ಲಿ ವಕ್ರವಕ್ರ ಗೀಟು ಸಿಕ್ಕಿರ್ಬೇಕಲ್ಲ" ಎಂದರು.

"ಸಿಕ್ಕಿದೆ" ಎಂದರು ಅವರು. "ಯಾರೋ ಕಲಿಯೋರು ಅಂದ್ಕೊಂಡಿದ್ದೆ."

ಉಳಿದದ್ದೆಲ್ಲ ಬರವಣಿಗೆಯ ಕೆಲಸ. ತೀರ ಶಿಥಿಲವಾದ ಕುದುರೆಗಳು ಗಾಜಿನ ಹಿಂದೆ ವಿಶ್ರಾಂತಿಯಲ್ಲಿರುವುದು; ಉಳಿದವು ಮಕ್ಕಳನ್ನು ಹೊತ್ತು ನಿಧಾನವಾಗಿ ಸುತ್ತುವುದು; ಏರುವವರು ಬರಿಗಾಲಲ್ಲಿ ಏರುವುದು; ಬಣ್ಣವನ್ನು ಇಬ್ಬರೂ ಕೂಡಿ ನೋಡಿಕೊಳ್ಳುವುದು; ರಾಟೆ ನಡೆಸುವವರಿಗೆ ಬ್ರೇಕಿನ ಪಾಠವನ್ನು ಡ್ರೈವಿಂಗ್ ಸ್ಕೂಲು ಹೇಳಿಕೊಡುವುದು. ವಿಮೆಯವರು ಮಾತ್ರ ಇನ್ನೊಂದು ಕೇಳಿದರು. ವರ್ಷಕ್ಕೊಮ್ಮೆ ಎರಡೂ ಕಡೆ ನಂಬುವ ಒಬ್ಬರು ಸ್ವತಃ ಕುದುರೆಯೇರಿ ಒಂದು ಸುತ್ತು ಬಂದು, ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಬೇಕು. ಹೆಸರು ಸೂಚಿಸಿ ಎಂದಾಗ ಎರಡೂ ಕಡೆಯಿಂದ ಬಂದದ್ದು ಒಂದೇ ಹೆಸರು.

ರಾಟೆ ಮತ್ತೆ ತಿರುಗಿದ್ದು ಮೇಡಂ ಸೇವೆಯ ಕೊನೆಯ ವಾರದಲ್ಲಿ. ಬರಿಗಾಲಿನ ಮಕ್ಕಳ ನಡುವೆ, ಬರಿಗಾಲಿನವರಾಗಿಯೇ, ಕಂದು ಕುದುರೆಯ ಮೇಲೆ ಒಂದು ಬದಿಗೆ ಕಾಲಿಟ್ಟು ಕುಳಿತ ನಮ್ಮ ಮುಖ್ಯ ಕಾನೂನು ಅಧಿಕಾರಿಗಳು ಒಂದು ಸುತ್ತು ಬಂದರು. ಪರೀಕ್ಷೆಗೆ ಅಷ್ಟು ಸಾಕಿತ್ತು. ಅವರು ಇಳಿಯಲಿಲ್ಲ. ಮುಂದಿನ ಸುತ್ತಿಗೆ ಕಾದಿದ್ದ ಒಬ್ಬ ಪುಟ್ಟ ಹುಡುಗಿ, "ಅಜ್ಜಿ, ನಿಮ್ಮದು ಆಯ್ತು" ಎಂದು ನೆನಪಿಸಿದ ಮೇಲೆ, ಆಕ್ಷೇಪಣೆಯನ್ನು ಒಪ್ಪಿ ಕೆಳಗಿಳಿದರು. ಅತ್ತ ಡ್ರೈವಿಂಗ್ ಸ್ಕೂಲಿನಾಕೆ ಲಗಾಮು ಹಿಡಿದ ಮಕ್ಕಳಿಗೆಲ್ಲ ಬೆನ್ನು ನೇರ, ಬೆನ್ನು ನೇರ ಎನ್ನುತ್ತ ರಾಟೆಯ ಜೊತೆಗೇ ಸುತ್ತುತ್ತಿದ್ದರು.

ಸಹಿ ಹಾಕಿದ ಪತ್ರವನ್ನು ಕಡತಕ್ಕೆ ಸೇರಿಸುವಾಗ ಅಡಿಟಿಪ್ಪಣಿ ಒಂದು ಲೋಪ ಕಂಡು ಗಾಬರಿಯಿಂದ ಓಡಿಬಂದರು.

"ಮೇಡಂ, ಸವಾರಿ ಮಾಡಿ ಸಹಿ ಹಾಕೋರು ನೀವು ಅಂತಷ್ಟೇ ಇದೆ. ನೀವಿಲ್ದಾಗ ಯಾರು ಅಂತ ಬರ್ದೇ ಇಲ್ಲ. ಇಷ್ಟು ವರ್ಷದಲ್ಲಿ ನೀವು ಇಂಥದ್ದು ಬಿಟ್ಟಿದ್ದೇ ಇಲ್ಲ."

"ನೋಡಿದೆ."

"ಈಗ್ಲೇ ತಿದ್ದೋಣ್ವಾ?"

"ಬೇಡ ಬಿಡು. ಹಾಗೇ ಇರಲಿ."

ಆದಕಾರಣ, ದೀರ್ಘಾಯುಷ್ಯವನ್ನು ಹಾರೈಸುವ ವಾಡಿಕೆಯ ಮಾತಿಗೆ ಈ ಲೇಖನದಲ್ಲಿ ಅವಕಾಶ ಉಳಿದಿಲ್ಲ. ಅದು ಈಗ ಎರಡು ಪಕ್ಷಗಳೂ ವಿಮೆಯವರೂ ಸಹಿ ಹಾಕಿರುವ, ಬದಲಿ ವ್ಯವಸ್ಥೆಯಿಲ್ಲದ ಕರಾರಿನ ಬಾಧ್ಯತೆ. ರಾಟೆ ತಿರುಗುವಷ್ಟು ಕಾಲ ನಮ್ಮ ಮೇಡಂ ಆರೋಗ್ಯದಿಂದ, ಗಟ್ಟಿ ಮೊಣಕಾಲುಗಳಿಂದ ಇದ್ದು, ವರ್ಷಕ್ಕೊಮ್ಮೆ ಬಂದು ಕುದುರೆಯೇರತಕ್ಕದ್ದು. ಮರ ಒಳ್ಳೆಯ ಜಾತಿಯದು, ಇನ್ನೂ ಬಹಳ ಕಾಲ ಬಾಳುತ್ತದೆ ಎಂದು ಮುಟ್ಬೇಡಿ ಸಾರ್ ಹೇಳಿದ್ದಾರೆ.