ಆದಿಲಕ್ಷ್ಮಿ ಹೇಳಿದ ಲೀಟರು

ಹಸು ಕಟ್ಟಿದವರನ್ನು "ಎಷ್ಟು ಕರೆಯುತ್ತೆ?" ಎಂದು ಕೇಳಿದರೆ ಬೇತಮಂಗಲದ ಸುತ್ತಿನ ಹಳ್ಳಿಗಳಲ್ಲಿ ಯಾರೂ ಸರಿಯಾದ ಉತ್ತರ ಕೊಡುವುದಿಲ್ಲ. "ಏನೋ, ಕರ ಕುಡ್ದು ಮಿಕ್ಕಿದ್ದು" ಎನ್ನುತ್ತಾರೆ. ತೀರಾ ಒತ್ತಾಯಿಸಿದರೆ ಅರ್ಧಕ್ಕೆ ಇಳಿಸಿ ಹೇಳುತ್ತಾರೆ. ನಿಜದ ಲೆಕ್ಕ ಬಾಯಿಬಿಟ್ಟರೆ ಕಣ್ಣಾಗುತ್ತದೆ, ಕೆಚ್ಚಲು ಬತ್ತುತ್ತದೆ ಎಂಬ ಭಯ. ಅದನ್ನು ಯಾರೂ ಸುಳ್ಳು ಎಂದು ಎಣಿಸುವುದಿಲ್ಲ; ಹಸುವಿನ ಕೊರಳಿಗೆ ಕರಿದಾರ ಕಟ್ಟಿದಷ್ಟೇ ಸಹಜ. ಡೇರಿಯಲ್ಲಿ ಹಾಲು ಅಳೆಯುತ್ತಾರೆ, ನಿಜ. ಆದರೆ ಎರಡು ಮೂರು ಹಸುವಿನ ಹಾಲು ಒಂದೇ ಕ್ಯಾನಿಗೆ ಬಿದ್ದಿರುತ್ತದೆ. ಯಾವುದರದು ಎಷ್ಟು ಎಂದು ಕ್ಯಾನು ಹೇಳುವುದಿಲ್ಲ.

ಆದಿಲಕ್ಷ್ಮಿಯೂ ಹಾಗೆಯೇ ಇಳಿಸಿ ಹೇಳಿದಳು. ಆದರೆ ಅವಳು ಹೇಳಿದ್ದು ಫೋನಿನ ಕ್ಯಾಮೆರಾಕ್ಕೆ.

ಅವಳ ತವರು ಉರಿಗಾಂ ಮಗ್ಗುಲಿನ ಹಳ್ಳಿ. ಅಪ್ಪ ಕದಿರಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಚಿನ್ನದ ಗಣಿ ಕಾರ್ಮಿಕರ ಲೈನುಮನೆಗಳಿಗೆ ಹಾಲು ಹಾಕುತ್ತಿದ್ದ. ಹಿಂದಿನ ಕ್ಯಾರಿಯರ್ ಮೇಲೆ ಇವಳು. ಅಲ್ಲಿನ ಹೆಂಗಸರು ಮೊದಲು ಹಾಲಿಗೆ ಬೆರಳದ್ದಿ, ಹೆಬ್ಬೆರಳ ಉಗುರಿನ ಮೇಲೆ ಹನಿ ಬಿಟ್ಟು ನೋಡುವರು. ಹನಿ ನಿಂತರೆ ಹಾಲು, ಜಾರಿದರೆ ನೀರು. ಆಮೇಲೆ "ತಣ್ಣಿ ಎವ್ವಳವು, ಪಾಲ್ ಎವ್ವಳವು?" ಎಂದು ನಗುವರು. ನೀರೆಷ್ಟು, ಹಾಲೆಷ್ಟು ಎಂಬ ಆ ತಮಿಳು ತಮಾಷೆಗೆ ಅಪ್ಪನೂ ನಗುತ್ತಿದ್ದ. ಮಗಳಿಗೆ ನಗು ಬರುತ್ತಿರಲಿಲ್ಲ. ನಗುತ್ತಾ ಮಾತಾಡುವವರ ಬೆರಳು ಎಲ್ಲಿದೆ ಎಂದು ನೋಡುವ ಅಭ್ಯಾಸ ಅವಳಿಗೆ ಆಗಲೇ ಬಂದದ್ದು.

ಗಣಿ ಮುಚ್ಚಿತು. ಹಾಲು ಕೊಳ್ಳುತ್ತಿದ್ದವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು. ಸೈಕಲ್ಲು ಗೋಡೆಗೆ ಒರಗಿತು. ಆದಿಲಕ್ಷ್ಮಿ ವೆಂಕಟರಾಮಪ್ಪನನ್ನು ಮದುವೆಯಾಗಿ ಬೇತಮಂಗಲದ ಕೆರೆಯ ಈಚೆ ಬದಿಯ ಹಳ್ಳಿಗೆ ಬಂದಳು. ಇಲ್ಲೂ ಹಸು, ಇಲ್ಲೂ ಹಾಲು. ವರ್ಷಗಟ್ಟಲೆ ಕರೆದು ಕರೆದು ಅವಳ ಕೈ ಈಗ ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ಕೊಟ್ಟಿಗೆಗೆ ಹೋಗಬೇಕು.

ವೀಡಿಯೊ ಶುರುವಾದದ್ದು ತಂಗಿ ಅಂಬಿಕಳಿಂದ. ಬಂಗಾರಪೇಟೆಯಲ್ಲಿರುವ ಅವಳು ಹೊಸದಾಗಿ ಹಸು ಕೊಂಡಿದ್ದಳು, ಅದು ಒದೆಯುತ್ತಿತ್ತು. ಹೇಗೆ ನಿಲ್ಲಿಸಬೇಕೆಂದು ತೋರಿಸಲು ಆದಿಲಕ್ಷ್ಮಿ ಫೋನನ್ನು ಬೂಸಾ ಚೀಲಕ್ಕೆ ಒರಗಿಸಿ ತನ್ನ ಹಸು ಚಿಟ್ಟಿಯ ಪಕ್ಕ ಕೂತಳು. ಚಿಟ್ಟಿಯನ್ನು ತಂದದ್ದು ಆಂಧ್ರದ ಕಡೆಯಿಂದ. "ಆಗಮ್ಮಾ, ಕದಲಾಕು ತಲ್ಲೀ" ಎಂದು, ಅಲುಗದೆ ನಿಲ್ಲಲು ತೆಲುಗಿನಲ್ಲಿ ರಮಿಸಿ, ಬೆನ್ನು ಸವರಿ, ಕ್ಯಾಮೆರಾ ಕಡೆ ತಿರುಗಿ, "ಇವ್ಳಿಗೆ ತೆಲುಗೊಂದೇ ಬರೋದು. ಕನ್ನಡದಾಗೆ ಏಳಿದ್ರೆ ಬಾಲ ಬೀಸ್ತಾಳೆ" ಎಂದಳು. ಅಂಬಿಕ ಅದನ್ನು ಹತ್ತು ಜನಕ್ಕೆ ಕಳಿಸಿದಳು. ಅವರು ಇನ್ನೆಷ್ಟು ಜನಕ್ಕೆ ಕಳಿಸಿದರೋ.

ಆದಿಲಕ್ಷ್ಮಿ ತಾನೇ ವೀಡಿಯೊ ಹಾಕತೊಡಗಿದಳು; ವರ್ಷ ಕಳೆಯುವುದರಲ್ಲಿ ಅವಳಿಗೆ ಎರಡು ಮುಖವಾದವು. ನೈಟಿಯ ಮೇಲೆ ಟವಲು ಹಾಕಿ ಸಗಣಿ ಬಾಚುವವಳು ಒಬ್ಬಳು. ಸೀರೆಯುಟ್ಟು, ಕನಕಾಂಬರ ಮುಡಿದು "ನಮಸ್ಕಾರ ಅಕ್ಕಂದಿರೇ" ಎನ್ನುವವಳು ಇನ್ನೊಬ್ಬಳು. ಗಂಡ ಹೊಸಿಲಲ್ಲಿ ಬೀಡಿ ಹಚ್ಚಿಕೊಂಡು ನೋಡುವನು.

"ಅಸದ ಮಗ್ಗುಲಾಗೆ ಕೂರಾಕೆ ಪೌಡ್ರು ಯಾಕಮ್ಮೀ?"

"ಅಸಕ್ಕಲ್ಲ, ನೋಡೋರ್ಗೆ."

"ಯಾವನು ಅವ್ನು ನೋಡೋನು?"

ಅದು ಅವಳಿಗೂ ಗೊತ್ತಿರಲಿಲ್ಲ. ಸೂಪರ್ ಅಕ್ಕ, ಬೆಂಕಿ ಅಕ್ಕ ಎಂದು ಬರೆಯುವವರು ಹೊಗಳುತ್ತಿದ್ದಾರೋ ಆಡಿಕೊಳ್ಳುತ್ತಿದ್ದಾರೋ ತಿಳಿಯದೆ, ಒಂದೊಂದನ್ನೂ ಉಗುರಿನ ಮೇಲಿನ ಹನಿಯಂತೆ ಓರೆ ಮಾಡಿ ನೋಡುವಳು. ಎಲ್ಲರೂ ಕೇಳುತ್ತಿದ್ದ ಒಂದು ಪ್ರಶ್ನೆ ಮಾತ್ರ ಸ್ಪಷ್ಟವಾಗಿತ್ತು: ಚಿಟ್ಟಿ ಎಷ್ಟು ಕರೆಯುತ್ತೆ? ಕಡೆಗೊಮ್ಮೆ ಹೇಳಿದಳು. "ಏನೋ, ಒಂದೊತ್ತಿಗೆ ನಾಕೈದು ಲೀಟ್ರು." ಚಿಟ್ಟಿ ಒಂದು ಹೊತ್ತಿಗೆ ಕೊಡುತ್ತಿದ್ದದ್ದು ಒಂಬತ್ತು.

ಅದಾದ ಮೇಲೆ ಕಾಂತರಾಜ್ ಬಂದ. ಪಶು ಆಹಾರದ ಕಂಪನಿಯೊಂದರ ಬಂಗಾರಪೇಟೆ ಏಜೆಂಟು. ಇಸ್ತ್ರಿ ಮಾಡಿದ ಅಂಗಿ, ಬೈಕಿನ ಹಿಂದೆ ಎರಡು ಚೀಲ. ಚೀಲ ಇಳಿಸಿ, ದುಡ್ಡು ಬೇಡವೆಂದ. ಚಿಟ್ಟಿಗೆ ತಿನ್ನಿಸಿ, ಹದಿನೈದು ದಿನ ಬಿಟ್ಟು ಬರುತ್ತೇನೆ ಎಂದ. ದುಡ್ಡು ಬೇಡವೆಂದವರು ಮುಂದೆ ಬೇರೇನನ್ನೋ ಬೇಡುತ್ತಾರೆಂದು ಆದಿಲಕ್ಷ್ಮಿಗೆ ಅನ್ನಿಸಿತಾದರೂ ಚೀಲ ಒಳಗಿಟ್ಟಳು. ಆಹಾರದಲ್ಲಿ ದೋಷವೇನೂ ಇರಲಿಲ್ಲ. ಚಿಟ್ಟಿ ತಿಂದಳು, ಎಂದಿನಷ್ಟೇ ಕರೆದಳು.

ಮಾತಿನಂತೆ ಅವನು ಬಂದ, ಗೆರೆ ಎಳೆದ ಬಕೆಟ್ಟು ಹಿಡಿದುಕೊಂಡು. ಎದುರಿಗೇ ಕರೆಸಿದ. ನೊರೆ ಇಳಿಯುವವರೆಗೂ ಕಾದು, ಬಗ್ಗಿ ನೋಡಿ, ಮುಖ ಅರಳಿಸಿದ. "ಒಂಬತ್ತು! ನಾಲ್ಕೈದು ಇದ್ದದ್ದು ಒಂಬತ್ತಕ್ಕೆ ಬಂತಲ್ಲ ಅಕ್ಕ!"

ಆದಿಲಕ್ಷ್ಮಿ ಸೆರಗಿನಿಂದ ಕೈ ಒರೆಸಿಕೊಂಡಳು. "ಅದು..." ಎಂದಳು.

"ನೀವು ಒಂದು ಸುಳ್ಳೂ ಹೇಳಬೇಕಾಗಿಲ್ಲ. ಹಳೇ ವೀಡಿಯೊ ಇದ್ದೇ ಇದೆ. ಈಗ ಈ ಬಕೆಟ್ ತೋರಿಸಿ, ಇವತ್ತಿನ ನಿಜ ಹೇಳಿ. ನಡುವೆ ನಮ್ಮ ಚೀಲ ಇಡೋಣ. ಅಷ್ಟೇ." ಆಮೇಲೆ ಅವಳ ಊದಿದ ಮುಂಗೈ ನೋಡಿ ದನಿ ತಗ್ಗಿಸಿದ. "ಕಂಪನಿಯಿಂದ ಹಾಲು ಕರೆಯೋ ಮಿಷನ್ ಕೊಡಿಸ್ತೀನಿ. ಈ ಕೈಗೆ ಇನ್ನು ರೆಸ್ಟ್ ಬೇಕಕ್ಕ."

ಅವನು ಮೋಸಹೋಗಿದ್ದಾನೆಯೇ ಎಂದು ಅವಳು ಅವನ ಕಣ್ಣನ್ನೇ ನೋಡಿದಳು. "ನಿಮ್ಮನೇಲಿ ಅಸ ಇದ್ವಾ?"

"ಕಾಮಸಮುದ್ರದಲ್ಲಿ. ನಾಲ್ಕು." ಬಕೆಟ್ಟಿನ ಹಿಡಿಯನ್ನು ಒರೆಸುತ್ತಾ ನಕ್ಕ. "ನಮ್ಮಮ್ಮನೂ ಕಮ್ಮಿನೇ ಹೇಳ್ತಿದ್ರು."

ಅವನಿಗೆ ಮೊದಲಿನಿಂದಲೂ ಗೊತ್ತಿತ್ತು.

ಸಂಜೆ ಗಂಡ ಮಿಷನ್ನಿನ ಮಾತೆತ್ತಿದ. "ನಿಜ ಏಳಾಕೆ ಏನು ಕಷ್ಟ ನಿಂಗೆ? ಒಂದ್ ಕೆಲ್ಸ ಮಾಡು. ಒಂಬತ್ತು ಅನ್ಬೇಡ, ಎಂಟು ಅನ್ನು. ಕಣ್ಣಾಗ್ತದೆ."

ಆದಿಲಕ್ಷ್ಮಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂದು ಅವಳು ಮಿಷನ್ನನ್ನು ಮನಸ್ಸಿನಲ್ಲೇ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟು ನೋಡಿದಳು. ಚೆನ್ನಾಗಿತ್ತು. ಬೆರಳುಗಳು ಬೆಳಿಗ್ಗೆ ತಾವಾಗಿ ಮಡಚಿಕೊಂಡಂತೆ, ನೋವಿಲ್ಲದೆ ಹೂ ಕಟ್ಟಿದಂತೆ ಎನಿಸಿತು.

ಮರುದಿನ ಡೇರಿಯ ಸಾಲಿನಲ್ಲಿ ಪಕ್ಕದ ಮನೆಯ ಸುಕನ್ಯ ಕ್ಯಾನನ್ನು ಅವಳ ಕ್ಯಾನಿನ ಹತ್ತಿರಕ್ಕೆ ಸರಿಸಿದಳು.

"ಅಕ್ಕೋ, ಆ ಚೀಲ ಆಕಿದ್ರೆ ಒಂದಕ್ಕೆರಡು ಆಗ್ತದಂತಲ್ಲ? ಆವಯ್ಯ ನಮ್ಮನೆಗೂ ಬಂದಿದ್ದ. ನಿನ್ನ ಎಸ್ರು ಏಳ್ದ."

"ನೀನೇನಂದೆ?"

"ಲಕ್ಷ್ಮಕ್ಕ ವೀಡಿಯೋದಾಗೆ ಏಳ್ಲಿ, ಆಮ್ಯಾಕೆ ತಕಂತೀನಿ ಅಂದೆ. ನೀನು ಏಳಿದ್ರೆ ಈ ಸಾಲೇ ತಕಂತದೆ ಬಿಡು."

"ನಿಂಗೊತ್ತಿಲ್ವಾ ಸುಕನ್ಯಾ?"

"ಏನು ಗೊತ್ತಿಲ್ವಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಟ್ಟಿಯ ಲೆಕ್ಕ ಇಳಿಸಿ ಹೇಳಿದ್ದೆಂದು ಸುಕನ್ಯಳಿಗೆ ಹೊಳೆಯದೇ ಇರುತ್ತದೆಯೇ? ಅವಳೂ ತನ್ನ ಹಸುಗಳ ಲೆಕ್ಕ ಇಳಿಸುವವಳೇ. ನಂಬಿ ಕೇಳುತ್ತಿದ್ದಾಳೋ, ಇವಳೇನು ಹೇಳುತ್ತಾಳೆ ನೋಡೋಣವೆಂದು ಬೆರಳು ಅದ್ದುತ್ತಿದ್ದಾಳೋ? ಆದರೆ ಒಂದು ಮಾತು ತಿಳಿಯಾಯಿತು. ಈ ಸಾಲಿನವರ ಕೊಟ್ಟಿಗೆಗಳಲ್ಲಿ ಕರು ಅಡ್ಡ ಬಂದಾಗ, ಕೆಚ್ಚಲು ಬಾತಾಗ, ಹೆಂಗಸರು ಮೊದಲು ಕೂಗುವುದು ಅವಳ ಹೆಸರನ್ನು. ಆ ಹೆಸರನ್ನು ಕಾಂತರಾಜ್ ಚೀಲದ ಮೇಲೆ ಅಂಟಿಸಿಕೊಂಡು ಊರೂರು ತಿರುಗಲು ಹೊರಟಿದ್ದ.

ಸಂಜೆ ಅವಳು ಪೌಡರು ಹಾಕಲಿಲ್ಲ. ನೈಟಿ, ಟವಲು. ಫೋನು ಒರಗಿಸಿ, ಚಿಟ್ಟಿಯನ್ನು ಕಾಂತರಾಜ್ ಬಿಟ್ಟುಹೋಗಿದ್ದ ಬಕೆಟ್ಟಿಗೇ ಕರೆದು, ಗೆರೆಯನ್ನು ಕ್ಯಾಮೆರಾದ ಹತ್ತಿರ ಹಿಡಿದಳು.

"ಒಂಬತ್ತೈತೆ. ಇದು ಯಾವ ಚೀಲದಿಂದ್ಲೂ ಬಂದಿದ್ದಲ್ಲ. ಚಿಟ್ಟಿ ಈ ಸಲ ಕರ ಆಕಿದಾಗಿಂದ ಇಷ್ಟೇ ಕರೀತಾಳೆ. ಕಣ್ಣಾಗ್ತದೆ ಅಂತ ನಾನು ನಾಕೈದು ಅಂದೆ. ನಮ್ಮ ಕಡೆ ಎಲ್ರೂ ಅಂಗೇ ಅನ್ನೋದು. ಅದ್ನ ನಂಬ್ಕೊಂಡು ಯಾರೂ ಏನೂ ತಕಬೇಡಿ."

ಹೊಸಿಲಲ್ಲಿದ್ದ ವೆಂಕಟರಾಮಪ್ಪ ಎದ್ದುನಿಂತ. "ಲೇ, ಊರಿಗೆಲ್ಲಾ ಲೆಕ್ಕ ಏಳ್ಬಿಟ್ಯಲ್ಲೇ!" ಆ ಕೂಗೂ ವೀಡಿಯೊದಲ್ಲಿ ಸೇರಿಕೊಂಡಿತು. ಅವಳು ಅದನ್ನು ಕತ್ತರಿಸಲಿಲ್ಲ. ಅವನು ಒಳಗೋಡಿ ಒಣಮೆಣಸಿನಕಾಯಿ, ಉಪ್ಪು ತಂದು ಚಿಟ್ಟಿಗೆ ನಿವಾಳಿಸಿ ಇಳಿ ತೆಗೆದು ಒಲೆಗೆ ಹಾಕಿದ. ಘಾಟು ಬರಲಿಲ್ಲ, ಕಣ್ಣಾಗಿಯೇ ಹೋಯಿತೆಂದು ಎರಡು ದಿನ ಹೆಂಡತಿಯ ಜೊತೆ ಮಾತು ಬಿಟ್ಟ.

ನೋಡಿದವರೂ ಸುಮ್ಮನಿರಲಿಲ್ಲ. ಆಗ ಸುಳ್ಳು ಹೇಳಿದವಳು ಈಗ ನಿಜ ಹೇಳುತ್ತಾಳೆಂದು ಏನು ಗ್ಯಾರಂಟಿ ಎಂದೊಬ್ಬರು. ಬೇರೆ ಕಂಪನಿಯವರು ಕಾಸು ಕೊಟ್ಟಿರಬೇಕು ಎಂದಿನ್ನೊಬ್ಬರು. ಕಾಂತರಾಜ್ ಫೋನು ಮಾಡಿ, ಬೈಯದೆ, ಬಕೆಟ್ಟು ವಾಪಸು ಬೇಕೆಂದ.

ಡೇರಿಯ ಸಾಲಿನ ಹೆಂಗಸರಿಗೆ ಅವಳೀಗ ಎಲ್ಲರ ಗುಟ್ಟನ್ನೂ ಒಟ್ಟಿಗೆ ಹೇಳಿಬಿಟ್ಟವಳು. ಒಬ್ಬಳು ತನ್ನ ಕ್ಯಾನಿಗೆ ಸೆರಗು ಮುಚ್ಚಿದಳು. "ಫೋನು ಆಫ್ ಐತೇನೇ?" ಎಂದಳು ಇನ್ನೊಬ್ಬಳು, ಯಾರಿಗೋ ಹೇಳುವಂತೆ. ಆದಿಲಕ್ಷ್ಮಿ ಎರಡೂ ಕೈ ತೋರಿಸಿದಳು; ಖಾಲಿ, ಊದಿದ ಕೈಗಳು.

ಸಾಲು ಮುಂದೆ ಸರಿದಾಗ ಅವಳ ಕ್ಯಾನನ್ನು ಸುಕನ್ಯ ಎತ್ತಿ ಇಟ್ಟಳು. ಹಾಗೆ ಬಗ್ಗಿದವಳು, ಅತ್ತ ಇತ್ತ ನೋಡಿ, ಆದಿಲಕ್ಷ್ಮಿಯ ಕಿವಿಯಲ್ಲಿ ತನ್ನ ಕೆಂದ ಹಸುವಿನ ಲೆಕ್ಕ ಹೇಳಿದಳು.

"ಅಷ್ಟೇನಾ?"

"ದೇವ್ರಾಣೆ ಅಷ್ಟೇ ಕಣಕ್ಕ."

ಅದರಲ್ಲೂ ಒಂದು ಲೀಟರು ನುಂಗಿಕೊಂಡಿದ್ದಾಳೆ ಎಂದು ಆದಿಲಕ್ಷ್ಮಿಗೆ ಖಾತ್ರಿಯಿತ್ತು. ಆದರೂ ಬೇರೆ ಯಾರಿಗಾದರೂ ಕೇಳಿಸಿತೇ ಎಂದು ಒಮ್ಮೆ ಹಿಂದೆ ತಿರುಗಿ ನೋಡಿದಳು.