ಕೆಂಡ ಕೊಡದ ಕರಿಯಮ್ಮ

ಭದ್ರಾವತಿ ಪಕ್ಕದ ಜನ್ನಾಪುರದಲ್ಲಿ ಕರಿಯಮ್ಮನ ಹೆಸರೆತ್ತಿ ನೋಡಿ, ಈಗಲೂ ಮೂತಿ ತಿರುವ್ತಾರೆ. "ಯಾರು, ಕೆಂಡ ಕೊಡದ ಕರಿಯಮ್ಮನಾ?" ಅಂತಾರೆ. ಥೂ, ಇವರ ಬಾಯಿಗಿಷ್ಟು! ನಾನು ಇಸ್ಹಾಕ್, ಯುದ್ಧದ ಕಾಲದಲ್ಲಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇದ್ದಿಲು ಬಸ್ಸು ಓಡಿಸಿದ ಡ್ರೈವರ್. ಆ ಹೆಂಗಸು ಎಂಥವಳು ಅಂತ ನನ್ನನ್ನ ಕೇಳಿ.

ಆಗ ಪೆಟ್ರೋಲ್ ಸಿಕ್ತಿರಲಿಲ್ಲ. ಬಸ್ಸಿನ ಹಿಂದೆ ಒಂದು ಕಬ್ಬಿಣದ ಡ್ರಮ್ಮು, ಅದರೊಳಗೆ ಇದ್ದಿಲು ಉರಿಸಿ, ಆ ಗ್ಯಾಸಿನಲ್ಲಿ ಇಂಜಿನ್ ಓಡಿಸೋದು. ಬೆಳಗ್ಗೆ ಹೊರಡೋ ಮುಂಚೆ ಹಳೇ ಕೆಂಡ ಕೆದಕಿ ತೆಗೆದು ಷೆಡ್ಡಿನ ಗುಂಡಿಗೆ ಸುರೀಬೇಕು. ಆ ಕೆಲಸ ಮಾಡ್ತಿದ್ದವನು ಸಿದ್ದಯ್ಯ, ಕರಿಯಮ್ಮನ, ಅಂದ್ರೆ ನಮ್ಮ ಕರಿಯಕ್ಕನ ಗಂಡ. ಷೆಡ್ಡಿನ ಹಿಂದಿನ ಗುಡಿಸಲಲ್ಲೇ ಅವರ ಸಂಸಾರ.

ಬೆಂಕಿಪೊಟ್ಟಣಕ್ಕೂ ಬರ ಬಂದಿದ್ದ ಕಾಲ ಅದು. ಚಳಿ ಶುರುವಾಯ್ತೋ, ಓಣಿ ಹೆಂಗಸರೆಲ್ಲ ತೆಂಗಿನ ಚಿಪ್ಪು ಹಿಡಕೊಂಡು ಗುಂಡಿ ಹತ್ರ ಹಾಜರ್. ನೆರೆಮನೆಯವರು ಬೆಂಕಿ ಕೇಳಿದ್ರೆ ಇಲ್ಲ ಅನ್ನೋ ಪದ್ಧತಿ ನಮ್ಮಲ್ಲಿಲ್ಲ. ಸಿದ್ದಯ್ಯನೂ ಅನ್ನಲಿಲ್ಲ. ಒಂದು ಧನುರ್ಮಾಸದ ಬೆಳಗ್ಗೆ ಯಾರದೋ ಚಿಪ್ಪಿಂದ ಕೆಂಡ ಹಾರಿ ಇದ್ದಿಲಿನ ಗೋಣಿ ಮೇಲೆ ಬಿತ್ತು. ಹುಲ್ಲಿನ ಸೂರು ಧಗ್ ಅಂತು. ಬಸ್ಸನ್ನ ಹೊರಗೆ ತಳ್ಳಕ್ಕೆ ಹೋದ ಸಿದ್ದಯ್ಯ ಸುಟ್ಟುಹೋದ. ಯಾರ ಚಿಪ್ಪು ಅಂತ ಇವತ್ತಿನವರೆಗೂ ಒಬ್ಬಳೂ ಬಾಯಿ ಬಿಟ್ಟಿಲ್ಲ, ಕಳ್ಳಿಯರು!

ಗಂಡನ ಕೆಲಸ ಕರಿಯಕ್ಕನಿಗೆ ಬಂತು. ಮುಂದಿನ ಚಳಿಗಾಲಕ್ಕೆ ಅದೇ ಹೆಂಗಸರು ಅದೇ ಚಿಪ್ಪು ಹಿಡಕೊಂಡು ಬಂದ್ರು. ನಾಚಿಕೆ ಅನ್ನೋದು ಬೇಡವೇ? ಕರಿಯಕ್ಕ ಅವರ ಕಣ್ಣೆದುರೇ ಗುಂಡಿಗೆ ನೀರು ಸುರಿದಳು. "ಈ ಷೆಡ್ಡಿಂದ ಕೆಂಡ ಹೊರಗೆ ಹೋಗಲ್ಲ" ಅಂದಳು. ಎದುರು ಮನೆ ಸುಭದ್ರಮ್ಮ ಮಣ್ಣು ತೂರಿ ಶಾಪ ಹಾಕಿದ್ಲು. ಸಾಹುಕಾರ್ ಮೂರ್ತಪ್ಪ, ಬಸ್ಸು ಅವನದೇ, "ಒಂದು ಚೂರು ಕೊಟ್ಟು ಬಾಯಿ ಮುಚ್ಚಿಸಮ್ಮ" ಅಂದ. ಹೇಡಿ ನನ್ಮಗ! ಕರಿಯಕ್ಕ ಜಗ್ಗಲಿಲ್ಲ.

ಅದೇ ಚಳಿಯಲ್ಲಿ ಅವಳ ಮಗಳು ಸುವರ್ಣಮ್ಮ ಹೆತ್ತಳು. ಹೆರಿಗೆ ಗಲಾಟೆಯಲ್ಲಿ ಮನೆ ಒಲೆ ಆರಿಹೋಗಿತ್ತು. ಬೆಳಕು ಹರಿಯೋ ಹೊತ್ತಿಗೆ ಮಗುವಿನ ಕೈಕಾಲು ನೀಲಿ. ಕರಿಯಕ್ಕ ಬೆರಣಿ ಚೂರು ಹಿಡಕೊಂಡು ಸುಭದ್ರಮ್ಮನ ಬಾಗಿಲು ತಟ್ಟಿದಳು. "ನಿನ್ನ ಗುಂಡೀಲಿ ರಾಶಿ ಕೆಂಡ ಇದ್ಯಲ್ಲ, ಅದನ್ನೇ ತಗೋ ಹೋಗು" ಅಂತ ಬಾಗಿಲು ಹಾಕಿದ್ಲು ಮಹಾತಾಯಿ. ಮಿಕ್ಕ ಬಾಗಿಲುಗಳು ತೆರೆಯಲೇ ಇಲ್ಲ.

ಬರಿಗೈಲಿ ಷೆಡ್ಡಿಗೆ ಬಂದಳು. ನಾನು ಆಗ ತಾನೆ ಅವಳ ಬದಲು ಡ್ರಮ್ಮಿಂದ ಕೆಂಡ ಕೆದಕಿ ಗುಂಡಿಗೆ ಸುರಿದಿದ್ದೆ.

"ತಗೊಂಡು ಹೋಗಕ್ಕಾ, ಯಾರು ನೋಡ್ತಾರೆ? ಬೇಡಾಂದ್ರೆ ನಾನೇ ತರ್ತೀನಿ" ಅಂದೆ.

"ನನ್ನ ಮೊಮ್ಮಗೂಗೆ ಅಂದ್ರೆ ಗಾಳಿ ಬೀಸಲ್ವಾ, ಇದ್ದಿಲಿನ ಗೋಣಿಗೆ ಕಿಡಿ ಹಾರಲ್ವಾ, ಸಾಬ್ರೇ?"

"ಮಗು ಸಾಯುತ್ತೆ ಮಾರಾಯ್ತಿ! ನಿನಗೇನು ತಲೆ ಕೆಟ್ಟಿದೆಯಾ?" ನಾನು ಕಿರುಚಿದೆ. ಕೈಗೆ ಸಿಕ್ಕ ಸ್ಪ್ಯಾನರ್ ನೆಲಕ್ಕೆ ಬೀಸಾಕಿದೆ.

ಸುಟ್ಟ ಗೋಡೆಯ ಇಟ್ಟಿಗೆ ಮೂಲೆಯಲ್ಲಿ ಬಿದ್ದಿದ್ದವು. ಕರಿಯಕ್ಕ ಅವನ್ನ ಎತ್ತಿ ತಂದು ಗುಂಡಿಯ ಕೆಂಡದ ಮೇಲೆ ಜೋಡಿಸಿದಳು, ಪಕ್ಕದಲ್ಲಿ ನೀರಿನ ಡಬ್ಬ ಇಟ್ಟಳು. ಇಟ್ಟಿಗೆ ಕಾದ ಮೇಲೆ, ಅಂಟಿದ್ದ ಕಿಡಿ ಬೂದಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಗೋಣಿತಾಟಿನಲ್ಲಿ ಸುತ್ತಿದಳು. ಕಾದ ನೀರಿನ ಡಬ್ಬ ನಾನೇ ಹೊತ್ತೆ. ಬಾಣಂತಿ ಮಂಚದ ಕೆಳಗೆ ಇಟ್ಟಿಗೆ ಇಟ್ಟು, ಬಿಸಿನೀರಲ್ಲಿ ಬಟ್ಟೆ ಹಿಂಡಿ ಮಗುವನ್ನ ಒರೆಸಿ, ಅವ್ವನ ಎದೆಗೆ ಒತ್ತಿ ಮಲಗಿಸಿದಳು. ಅಷ್ಟು ಹೊತ್ತಿಗೆ ಅದು ಅತ್ತಿತು. ಯಾ ಅಲ್ಲಾ, ಅಂಥ ಅಳು ನಾನು ಕೇಳಿರಲಿಲ್ಲ! ಅವತ್ತು ಬಸ್ಸು ತಡವಾಯ್ತು, ಮೂರ್ತಪ್ಪ ಬೈದ, ನಾನೂ ಬೈದೆ.

ಮಾರನೇ ದಿನದಿಂದ ಕರಿಯಕ್ಕ ಓಣಿಗೆಲ್ಲ ಹೇಳಿಬಿಟ್ಟಳು: ಕೆಂಡ ಕೊಡಲ್ಲ, ಪಾತ್ರೆ ತನ್ನಿ, ಬಿಸಿನೀರು ಕೊಡ್ತೀನಿ. ನನಗೆ ಮೈಯೆಲ್ಲ ಉರಿದುಹೋಯ್ತು. "ಆ ಬೇವರ್ಸಿಗಳಿಗಾ?" ಅಂದೆ. "ಅವರಿಗೂ ಚಳಿ ಆಗುತ್ತೆ" ಅಂದಳು.

ಸುಭದ್ರಮ್ಮನೂ ಬಂದ್ಲು, ತಾಮ್ರದ ಬಿಂದಿಗೆ ಹಿಡಕೊಂಡು. ಕರಿಯಕ್ಕ ಬಿಂದಿಗೆಯೊಳಗೆ ಕೈ ಹಾಕಿದಳು. ಒಳಗೊಂದು ತೆಂಗಿನ ಚಿಪ್ಪು! ಯಾರೂ ನೋಡದಾಗ ಕೆಂಡ ತುಂಬಿಕೊಂಡು ಹೋಗೋ ಹುನ್ನಾರ. ನಾನು ಬಸ್ಸಿಂದ ಇಳಿಯೋಕೆ ಹೊರಟಿದ್ದೆ, ಕರಿಯಕ್ಕ ಕೈಸನ್ನೆಯಲ್ಲೇ ತಡೆದಳು. ಚಿಪ್ಪನ್ನ ಕಾಲಡಿ ಹಾಕಿ ಮುರಿದಳು. ಬಿಂದಿಗೆ ತುಂಬ ಬಿಸಿನೀರು ತುಂಬಿದಳು.

"ನಿಮ್ಮ ಬಾಗಿಲು ತಟ್ಟಿದಾಗ ಕೂಸು ನೀಲಿಗಟ್ಟಿತ್ತು, ಸುಭದ್ರಮ್ಮೋರೇ. ತಗೊಳ್ಳಿ, ಸುಡುತ್ತೆ, ಜೋಪಾನ."

ಸುಭದ್ರಮ್ಮ ಬಿಂದಿಗೆ ಎತ್ತಲೂ ಇಲ್ಲ, ಹೋಗಲೂ ಇಲ್ಲ. ಬಸ್ಸಿನ ದಾರಿಗೆ ಅಡ್ಡ ನಿಂತೇ ಇದ್ಲು. ನಾನು ಹಾರನ್ ಒತ್ತಿದೆ. ಓಣಿ ಪೂರ್ತಿ ಬಾಗಿಲು ತೆರೆದು ಹೊರಗೆ ಬಂದು ಆ ಮುರಿದ ಚಿಪ್ಪು ನೋಡೋವರೆಗೂ ಒತ್ತಿದೆ.